ಈವಿಲ್: ಕೆಟ್ಟ ಹಣ್ಣಿನಿಂದ ದುಷ್ಟಶಕ್ತಿಯವರೆಗೆ

1611ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾದ ಬೈಬಲ್ ಅನುವಾದದಲ್ಲಿ ಪ್ರವಾದಿ ಯೆರೆಮೀಯನಿಗೆ ಎರಡು ಬುಟ್ಟಿ ಅಂಜೂರ ಕಾಣಿಸುತ್ತದೆ. ಒಂದರಲ್ಲಿ ಒಳ್ಳೆಯ ಹಣ್ಣು, ಇನ್ನೊಂದರಲ್ಲಿ ಬಾಯಿಗಿಡಲಾಗದಷ್ಟು ಕೆಟ್ಟದ್ದು. ಆ ಕೆಟ್ಟ ಹಣ್ಣಿಗೆ ಅನುವಾದಕರು ಬಳಸಿದ ಪದ ‘ಈವಿಲ್’. ಇಂದು ಇಂಗ್ಲಿಷಿನಲ್ಲಿ ಯಾರೂ ಹಣ್ಣನ್ನು ಈವಿಲ್ ಎನ್ನುವುದಿಲ್ಲ. ಈ ಪದಕ್ಕೆ ಏನಾಯಿತು ಎಂಬುದು ನನ್ನ ಕುತೂಹಲ.

ಹಳೆಯ ಇಂಗ್ಲಿಷಿನಲ್ಲಿ ಇದು ದಿನಬಳಕೆಯ ಮಾತು. ರೋಗ, ನೋವು, ಹಾನಿ, ದುರ್ನಡತೆ ಎಲ್ಲಕ್ಕೂ ಸಲ್ಲುತ್ತಿತ್ತು. ಇದರ ಸೋದರ ಪದವಾದ ‘ಯೂಬೆಲ್’ ಜರ್ಮನ್ ಭಾಷೆಯಲ್ಲಿದೆ. ಹೊಟ್ಟೆ ತೊಳಸಿದಾಗ ಜರ್ಮನರು ಇಂದಿಗೂ ಬಳಸುವುದು ಅದನ್ನೇ.

ಇಂಗ್ಲೆಂಡಿನಲ್ಲಿ ಗಂಡಮಾಲೆ ರೋಗಕ್ಕೆ ‘ಕಿಂಗ್ಸ್ ಈವಿಲ್’ ಎಂಬ ಹೆಸರಿತ್ತು. ದೊರೆ ಮುಟ್ಟಿದರೆ ಅದು ವಾಸಿಯಾಗುತ್ತದೆಂದು ಜನ ನಂಬಿದ್ದರು. 1712ರಲ್ಲಿ ರಾಣಿ ಆನ್ ಹೀಗೆ ಮುಟ್ಟಿದ ಮಕ್ಕಳಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಕೂಡ ಒಬ್ಬ. ರೋಗವೇನೂ ವಾಸಿಯಾಗಲಿಲ್ಲ. ಮುಂದೆ 1755ರಲ್ಲಿ ಅವನು ಪ್ರಕಟಿಸಿದ ಪ್ರಸಿದ್ಧ ನಿಘಂಟಿನಲ್ಲಿ ಈವಿಲ್ ಪದಕ್ಕೆ ಕಾಯಿಲೆ ಎಂಬ ಅರ್ಥವೂ ಇದೆ.

ಇಷ್ಟರಲ್ಲಿ ಇನ್ನೊಂದು ಪದ ಬೆಳೆದಿತ್ತು. 13ನೇ ಶತಮಾನದ ಹೊತ್ತಿಗೆ ಕಾಣಿಸಿಕೊಂಡ ‘ಬ್ಯಾಡ್’ ನಿಧಾನವಾಗಿ ಈವಿಲ್‌ನ ದಿನನಿತ್ಯದ ಕೆಲಸಗಳನ್ನೆಲ್ಲ ವಹಿಸಿಕೊಂಡಿತು. ಒಂದು ಕಾಲಕ್ಕೆ ಈವಿಲ್‌ನ ಜೊತೆಗಿದ್ದ ‘ವರ್ಸ್’, ‘ವರ್ಸ್ಟ್’ ರೂಪಗಳೂ ಬ್ಯಾಡ್‌ನ ಪಾಲಾದವು. ಹಣ್ಣು, ಹವೆ, ಅಕ್ಷರ ಎಲ್ಲವೂ ಬ್ಯಾಡ್ ಆದವು. ಈವಿಲ್‌ಗೆ ಉಳಿದದ್ದು ಅತಿ ಘೋರವಾದದ್ದು ಮಾತ್ರ.

ಹೀಗೆ ಉಳಿದ ಪದಕ್ಕೆ ಅಪಾರ ಬಲ ಬಂತು. 1983ರಲ್ಲಿ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಸೋವಿಯತ್ ಒಕ್ಕೂಟವನ್ನು ಈವಿಲ್ ಸಾಮ್ರಾಜ್ಯವೆಂದರು. 2002ರಲ್ಲಿ ಜಾರ್ಜ್ ಬುಷ್ ಇರಾನ್, ಇರಾಕ್, ಉತ್ತರ ಕೊರಿಯಾಗಳನ್ನು ಒಂದೇ ಈವಿಲ್ ಕೂಟಕ್ಕೆ ಸೇರಿಸಿದರು. ಮೂರು ದೇಶಗಳ ಮೂರು ಬೇರೆ ಚರಿತ್ರೆಗಳು ಒಂದು ಪದದೊಳಗೆ ಮರೆಯಾದವು. ಮರುವರ್ಷವೇ ಇರಾಕಿನ ಮೇಲೆ ಯುದ್ಧ ನಡೆಯಿತು. ಯುದ್ಧಕ್ಕೆ ಕಾರಣ ಪದವೊಂದೇ ಅಲ್ಲ, ನಿಜ. ಆದರೆ ಎದುರಾಳಿ ದುಷ್ಟಶಕ್ತಿ ಎಂದಾದ ಮೇಲೆ ಅವನೊಡನೆ ಮಾತಾಡುವ ಅಗತ್ಯವೇ ಕಾಣುವುದಿಲ್ಲ.

ಈ ಪದವನ್ನು ಬೇರೆ ದಾರಿಗೆ ತಿರುಗಿಸಲು ಯತ್ನಿಸಿದವರು ಹಾನಾ ಅರೆಂಟ್. ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸುವ ವ್ಯವಸ್ಥೆ ಮಾಡಿದ್ದ ಐಕ್‌ಮನ್‌ನ ವಿಚಾರಣೆ 1961ರಲ್ಲಿ ಜೆರುಸಲೇಮಿನಲ್ಲಿ ನಡೆಯಿತು. ಅಲ್ಲಿ ಅವರಿಗೆ ಕಂಡದ್ದು ರಾಕ್ಷಸನಲ್ಲ; ಇನ್ನೊಬ್ಬರ ಜಾಗದಲ್ಲಿ ನಿಂತು ಯೋಚಿಸಲಾರದ ಒಬ್ಬ ಅಧಿಕಾರಿ. 1963ರ ತಮ್ಮ ಪುಸ್ತಕದಲ್ಲಿ ಅವರು ಈವಿಲ್‌ನ ಸಾಮಾನ್ಯತನದ ಬಗ್ಗೆ ಬರೆದರು. ಐಕ್‌ಮನ್ ಅಷ್ಟು ವಿಚಾರಹೀನನಾಗಿರಲಿಲ್ಲ ಎಂದು ಅನೇಕ ಇತಿಹಾಸಕಾರರು ವಾದಿಸಿದ್ದಾರೆ. ಆದರೂ ಅರೆಂಟ್ ಎತ್ತಿದ ಪ್ರಶ್ನೆ ಉಳಿದಿದೆ: ಒಬ್ಬನನ್ನು ರಾಕ್ಷಸನೆಂದು ಕರೆದರೆ ನಮಗೆ ಅವನು ಅರ್ಥವಾದನೇ?

ಕನ್ನಡದಲ್ಲಿ ಈವಿಲ್‌ಗೆ ಸಾಮಾನ್ಯವಾಗಿ ‘ದುಷ್ಟತನ’ ಎಂದು ಬರೆಯುತ್ತೇವೆ. ನನಗೆ ‘ಕೇಡು’ ಹೆಚ್ಚು ಹತ್ತಿರವೆನಿಸುತ್ತದೆ. ಹಾಲು ಕೆಡುತ್ತದೆ, ಹೊಟ್ಟೆ ಕೆಡುತ್ತದೆ, ಕಾಲ ಕೆಡುತ್ತದೆ, ಮನುಷ್ಯನೂ ಕೆಡುತ್ತಾನೆ. ಇಂಗ್ಲಿಷ್ ಪದ ಕಳೆದುಕೊಂಡ ವಿಸ್ತಾರ ನಮ್ಮ ‘ಕೆಡು’ವಿನಲ್ಲಿ ಇನ್ನೂ ಇದೆ. ಕೆಟ್ಟಿತು ಎಂದೊಡನೆ ಯಾವಾಗ, ಹೇಗೆ ಎಂದು ಕೇಳಬಹುದು. ಹಾಗೆ ಕೇಳುವುದು ತಪ್ಪಿತಸ್ಥರನ್ನು ಕ್ಷಮಿಸಲಿಕ್ಕಲ್ಲ; ಮುಂದಿನ ಕೇಡನ್ನು ಸಕಾಲದಲ್ಲಿ ಗುರುತಿಸಲಿಕ್ಕೆ.