ಪರದೆಯ ಮೇಲಿನ ವ್ಯಾಟ್, ಸುರುಳಿಯೊಳಗಿನ ಶಾಖ: ಇ-ಸಿಗರೇಟಿನ ವಿದ್ಯುತ್ ಲೆಕ್ಕಾಚಾರ

ಇ-ಸಿಗರೇಟುಗಳ ಕುರಿತ ವರದಿಗಳಲ್ಲಿ '20 ವ್ಯಾಟ್', '60 ವ್ಯಾಟ್' ಎಂಬ ಅಂಕಿಗಳು ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತವೆ. ವ್ಯಾಟ್ ಹೆಚ್ಚಿದ್ದರೆ ಅಪಾಯ ಹೆಚ್ಚು, ಕಡಿಮೆಯಿದ್ದರೆ ಅಪಾಯ ಕಡಿಮೆ ಎಂಬ ಸರಳ ತೀರ್ಮಾನಕ್ಕೆ ಓದುಗರು ಬರುವುದು ಸಹಜ. ಆದರೆ ಎರಡು ಸಾಧನಗಳ ಪರದೆಯ ಮೇಲೆ ಒಂದೇ ಅಂಕಿ ಮೂಡಿದ್ದರೂ ಅವುಗಳೊಳಗಿನ ತಂತಿಗಳು ಒಂದೇ ಪ್ರಮಾಣದಲ್ಲಿ ಕಾಯುತ್ತವೆ ಎನ್ನುವಂತಿಲ್ಲ. ಬ್ಯಾಟರಿಯಿಂದ ಹೊರಟ ವಿದ್ಯುತ್ತು ಯಾವ ರೂಪದಲ್ಲಿ ತಂತಿಯನ್ನು ತಲುಪುತ್ತದೆ ಎಂಬುದನ್ನು ಅವಲಂಬಿಸಿ ಆ ಅಂಕಿಯ ಅರ್ಥವೇ ಬದಲಾಗುತ್ತದೆ.

ಭಾರತದಲ್ಲಿ ಇ-ಸಿಗರೇಟುಗಳ ಮಾರಾಟಕ್ಕೆ 2019ರಿಂದ ಸಂಪೂರ್ಣ ನಿಷೇಧವಿದೆ. ಆದಾಗ್ಯೂ ಕಳ್ಳಮಾರ್ಗದಲ್ಲಿ ಬಂದ ಸಾಧನಗಳನ್ನು ವಶಪಡಿಸಿಕೊಂಡ ಸುದ್ದಿಗಳು ನಿಂತಿಲ್ಲ. ಈ ಸಾಧನಗಳ ಕುರಿತ ಸಂಶೋಧನಾ ವರದಿಗಳನ್ನು ಓದುವವರಿಗೂ, ಮಕ್ಕಳ ಕೈಯಲ್ಲಿ ಇಂಥದ್ದೊಂದನ್ನು ಕಂಡು ಗಾಬರಿಗೊಳ್ಳುವ ಪಾಲಕರಿಗೂ ಇದರ ಹಿಂದಿನ ವಿಜ್ಞಾನದ ಪರಿಚಯ ಅಗತ್ಯ.

ಸಾಧನದ ಒಳಗೇನಿದೆ?

ಆಧುನಿಕ ಇ-ಸಿಗರೇಟನ್ನು 2003ರಲ್ಲಿ ರೂಪಿಸಿದ ಕೀರ್ತಿ ಚೀನಾದ ಔಷಧತಜ್ಞ ಹಾನ್ ಲಿಕ್ ಅವರಿಗೆ ಸಲ್ಲುತ್ತದೆ. ಅವರ ಆರಂಭಿಕ ವಿನ್ಯಾಸದಲ್ಲಿ ದ್ರವವನ್ನು ಸೂಕ್ಷ್ಮ ಹನಿಗಳಾಗಿ ಒಡೆಯಲು ಶ್ರವಣಾತೀತ ಕಂಪನಗಳನ್ನು ಬಳಸಲಾಗಿತ್ತು. ಬಳಿಕ ಬಂದ ಸಾಧನಗಳು ಬಹುತೇಕ ಬಿಸಿ ತಂತಿಯ ಮಾರ್ಗವನ್ನೇ ಹಿಡಿದವು. ಇವುಗಳಲ್ಲಿ ಒಂದು ಲಿಥಿಯಂ ಬ್ಯಾಟರಿ, ಲೋಹದ ತಂತಿಯ ಸುರುಳಿ, ಅದಕ್ಕೆ ಅಂಟಿಕೊಂಡ ಹತ್ತಿಯ ಬತ್ತಿ, ದ್ರವದ ತೊಟ್ಟಿ ಇರುತ್ತವೆ. ದ್ರವದಲ್ಲಿ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಸುವಾಸನೆಯ ರಾಸಾಯನಿಕಗಳು ಹಾಗೂ ಸಾಮಾನ್ಯವಾಗಿ ನಿಕೋಟಿನ್ ಸೇರಿರುತ್ತವೆ. ಪ್ರೊಪಿಲೀನ್ ಗ್ಲೈಕಾಲ್ ಸುಮಾರು 188 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಗ್ಲಿಸರಿನ್ ಸುಮಾರು 290 ಡಿಗ್ರಿಯಲ್ಲಿ ಕುದಿಯುತ್ತದೆ. ತಂತಿಯ ಬಿಸಿ ಮಿತಿಮೀರಿದಾಗ ಇವೆರಡೂ ವಿಭಜನೆಗೊಂಡು ಫಾರ್ಮಾಲ್ಡಿಹೈಡ್, ಅಸಿಟಾಲ್ಡಿಹೈಡ್, ಅಕ್ರೋಲಿನ್‌ನಂತಹ ಹಾನಿಕಾರಕ ವಸ್ತುಗಳಾಗುತ್ತವೆ. ಆದ್ದರಿಂದ ತಂತಿ ಎಷ್ಟು ಕಾಯುತ್ತದೆ ಎಂಬ ಪ್ರಶ್ನೆ ಕೇವಲ ತಾಂತ್ರಿಕವಾದುದಲ್ಲ, ಆರೋಗ್ಯಕ್ಕೆ ನೇರವಾಗಿ ಸಂಬಂಧಿಸಿದ್ದು.

ವ್ಯಾಟ್ ಎಂದರೇನು?

ಒಂದು ಸೆಕೆಂಡಿನಲ್ಲಿ ಬಳಕೆಯಾಗುವ ಶಕ್ತಿಯ ಅಳತೆಯೇ ವ್ಯಾಟ್. ಪ್ರೌಢಶಾಲೆಯಲ್ಲಿ ಕಲಿತ ಸೂತ್ರವೇ ಇಲ್ಲಿಯೂ ಅನ್ವಯಿಸುತ್ತದೆ: ವೋಲ್ಟೇಜಿನ ವರ್ಗವನ್ನು ತಂತಿಯ ರೋಧದಿಂದ ಭಾಗಿಸಿದರೆ ವ್ಯಾಟ್ ದೊರೆಯುತ್ತದೆ. ವೋಲ್ಟೇಜ್ ಇಮ್ಮಡಿಯಾದರೆ ವ್ಯಾಟ್ ನಾಲ್ಕು ಪಟ್ಟಾಗುತ್ತದೆ ಎಂಬುದು ಈ ಸೂತ್ರದ ಮುಖ್ಯ ಪಾಠ. ಮುಂದೆ ವಿವರಿಸುವ ಗೊಂದಲಗಳಲ್ಲಿ ದೊಡ್ಡದೊಂದು ಈ 'ವರ್ಗ'ದಿಂದಲೇ ಹುಟ್ಟುತ್ತದೆ.

ಮೊದಲ ಬಗೆ: ನೇರ ಹರಿವು

ಯಾವುದೇ ನಿಯಂತ್ರಕ ಮಂಡಲವಿಲ್ಲದೆ ಬ್ಯಾಟರಿಯನ್ನು ನೇರವಾಗಿ ಸುರುಳಿಗೆ ಜೋಡಿಸುವ ಸಾಧನಗಳಿವೆ. ಇವುಗಳಲ್ಲಿ ವ್ಯಾಟ್ ಹೊಂದಿಸುವ ಗುಂಡಿಯೇ ಇರುವುದಿಲ್ಲ. ಬ್ಯಾಟರಿಯ ಸ್ಥಿತಿ ಮತ್ತು ತಂತಿಯ ರೋಧ ಇವೆರಡೇ ವ್ಯಾಟ್ ಅನ್ನು ನಿರ್ಧರಿಸುತ್ತವೆ.

ಉದಾಹರಣೆಗೆ, ಪೂರ್ಣ ಚಾರ್ಜ್ ಆದ ಲಿಥಿಯಂ ಬ್ಯಾಟರಿಯ ವೋಲ್ಟೇಜ್ 4.2. ಸುರುಳಿಯ ರೋಧ 0.5 ಓಮ್ ಆಗಿದ್ದರೆ ಸುಮಾರು 35 ವ್ಯಾಟ್ ಹರಿಯುತ್ತದೆ. ಬ್ಯಾಟರಿ 3.7 ವೋಲ್ಟಿಗೆ ಇಳಿದಾಗ ಅದೇ ಸುರುಳಿಗೆ ಸುಮಾರು 27 ವ್ಯಾಟ್, 3.4 ವೋಲ್ಟಿಗೆ ಇಳಿದಾಗ ಸುಮಾರು 23 ವ್ಯಾಟ್ ಮಾತ್ರ ದೊರೆಯುತ್ತದೆ. ಅಂದರೆ ಬೆಳಗಿನ ಶಾಖ ಸಂಜೆಗಿಲ್ಲ. ಇಂತಹ ಸಾಧನವನ್ನು 'ಇಷ್ಟು ವ್ಯಾಟಿನದು' ಎಂದು ಕರೆಯುವುದರಲ್ಲಿ ಅರ್ಥವಿಲ್ಲ. ಸುರುಳಿಯ ರೋಧ ತೀರಾ ಕಡಿಮೆಯಾದರೆ ಅಥವಾ ತಂತಿಗಳು ಒಂದಕ್ಕೊಂದು ತಗುಲಿದರೆ ವಿದ್ಯುತ್ ಪ್ರವಾಹವನ್ನು ತಡೆಯುವವರೇ ಇರುವುದಿಲ್ಲ. ಬ್ಯಾಟರಿ ಕಾದು ಸಿಡಿಯುವ ಸಂಭವ ಇಲ್ಲಿ ಹೆಚ್ಚು.

ಎರಡನೆಯ ಬಗೆ: ಬಿಟ್ಟು ಬಿಟ್ಟು ಹರಿಯುವ ವಿದ್ಯುತ್ತು

ವೋಲ್ಟೇಜನ್ನು ನಿಜವಾಗಿ ತಗ್ಗಿಸುವ ಬದಲು ವಿದ್ಯುತ್ತನ್ನು ಅತಿ ವೇಗವಾಗಿ ಹಚ್ಚಿ ಆರಿಸುವುದು ಇನ್ನೊಂದು ವಿಧಾನ. ಇದಕ್ಕೆ ಪಲ್ಸ್ ವಿಡ್ತ್ ಮಾಡ್ಯುಲೇಷನ್ ಎಂದು ಹೆಸರು. ಹೆಚ್ಚು ಹೊತ್ತು ಹಚ್ಚಿದ್ದರೆ ಹೆಚ್ಚು ಶಾಖ, ಕಡಿಮೆ ಹೊತ್ತು ಹಚ್ಚಿದ್ದರೆ ಕಡಿಮೆ ಶಾಖ. ಒಲೆಯ ಉರಿಯನ್ನು ಸಣ್ಣದು ಮಾಡದೆ, ದೊಡ್ಡ ಉರಿಯನ್ನೇ ಮತ್ತೆ ಮತ್ತೆ ಹಚ್ಚಿ ನಂದಿಸಿದಂತೆ.

ಸಮಸ್ಯೆ ಇರುವುದು ಲೆಕ್ಕದಲ್ಲಿ. 6 ವೋಲ್ಟನ್ನು ಅರ್ಧ ಸಮಯ ಹಚ್ಚಿ, ಅರ್ಧ ಸಮಯ ಆರಿಸಿದರೆ ಸರಾಸರಿ ವೋಲ್ಟೇಜ್ 3 ಆಗುತ್ತದೆ. ಸುರುಳಿಯ ರೋಧ 2 ಓಮ್ ಎಂದಿಟ್ಟುಕೊಳ್ಳೋಣ. ಸರಾಸರಿಯನ್ನೇ ಸೂತ್ರಕ್ಕೆ ಹಾಕಿದರೆ 4.5 ವ್ಯಾಟ್ ಎಂಬ ಉತ್ತರ ಬರುತ್ತದೆ. ಆದರೆ ವಾಸ್ತವದಲ್ಲಿ ವಿದ್ಯುತ್ತು ಹರಿಯುವಾಗ 6 ವೋಲ್ಟಿನಂತೆ 18 ವ್ಯಾಟ್ ಬಳಕೆಯಾಗುತ್ತದೆ. ಅದರಲ್ಲಿ ಅರ್ಧ ಸಮಯವೆಂದರೆ 9 ವ್ಯಾಟ್. ತಂತಿಗೆ ಬಿದ್ದ ಶಾಖ ಪರದೆ ತೋರಿದ್ದರ ಎರಡು ಪಟ್ಟು! ಹಚ್ಚಿರುವ ಸಮಯ ಮೂರನೇ ಒಂದು ಭಾಗಕ್ಕೆ ಇಳಿದರೆ ಪರದೆಯ ಮೇಲೆ 2 ವ್ಯಾಟ್ ಮೂಡುತ್ತದೆ, ತಂತಿಗೆ 6 ವ್ಯಾಟ್ ತಲುಪುತ್ತದೆ. ಕಡಿಮೆಗೆ ಹೊಂದಿಸಿದಷ್ಟೂ ತಪ್ಪಿನ ಪ್ರಮಾಣ ಹೆಚ್ಚು ಎಂಬುದು ಗಮನಾರ್ಹ.

ಸರಿಯಾದ ವಿಧಾನವೆಂದರೆ ಸರಾಸರಿಯ ಬದಲು ಆರ್‌ಎಂಎಸ್ ಮೌಲ್ಯವನ್ನು ಬಳಸುವುದು. ವೋಲ್ಟೇಜಿನ ವರ್ಗಗಳ ಸರಾಸರಿ ತೆಗೆದು, ಅದರ ವರ್ಗಮೂಲ ಕಂಡುಹಿಡಿಯುವುದೇ ಈ ಕ್ರಮ. ಮೇಲಿನ ಮೊದಲ ಉದಾಹರಣೆಯಲ್ಲಿ ಅದು 4.24 ವೋಲ್ಟ್ ಆಗಿ, ವ್ಯಾಟ್ 9 ಎಂಬ ನಿಜವಾದ ಉತ್ತರ ದೊರೆಯುತ್ತದೆ. ಮೊದಲ ತಲೆಮಾರಿನ ಕೆಲವು ಸಾಧನಗಳು ಸರಾಸರಿಯನ್ನೇ ನೆಚ್ಚಿಕೊಂಡಿದ್ದವು. ಸಾಮಾನ್ಯ ಮಲ್ಟಿಮೀಟರಿನ ಡಿ.ಸಿ. ಅಳತೆಯೂ ಸರಾಸರಿಯನ್ನೇ ತೋರಿಸುವುದರಿಂದ, ಅಳೆದು ನೋಡಿದವರಿಗೂ ಈ ತಪ್ಪು ಕಾಣುತ್ತಿರಲಿಲ್ಲ.

ಹಚ್ಚಿ ಆರಿಸುವ ವೇಗವೂ ಮುಖ್ಯ. ವೇಗ ಕಡಿಮೆಯಿದ್ದರೆ ತೆಳುವಾದ ತಂತಿ ಪ್ರತಿ ಬಾರಿಯೂ ವಿಪರೀತ ಕಾದು ಮತ್ತೆ ತಣಿಯುತ್ತದೆ. ಒಟ್ಟು ವ್ಯಾಟ್ ಸರಿಯಾಗಿದ್ದರೂ ಕ್ಷಣಕಾಲದ ಬಿಸಿ ಮಿತಿ ದಾಟಬಹುದು.

ಮೂರನೆಯ ಬಗೆ: ಏರಿಸುವ, ಇಳಿಸುವ ಮಂಡಲ

ಪ್ರೇರಕ ಸುರುಳಿ ಮತ್ತು ಧಾರಕಗಳ ನೆರವಿನಿಂದ ವೋಲ್ಟೇಜನ್ನು ನಿಜವಾಗಿಯೇ ಏರಿಸಿ ಅಥವಾ ಇಳಿಸಿ, ಏರಿಳಿತವಿಲ್ಲದ ಹರಿವನ್ನು ಕೊಡುವ ಮಂಡಲಗಳು ನಂತರ ಬಂದವು. ಇವು ಸುರುಳಿಯ ರೋಧವನ್ನು ತಾವೇ ಅಳೆದು, ಹೊಂದಿಸಿದ ವ್ಯಾಟಿಗೆ ಬೇಕಾದ ವೋಲ್ಟೇಜನ್ನು ಲೆಕ್ಕಹಾಕುತ್ತವೆ. ಪರದೆಯ ಅಂಕಿಗೂ ವಾಸ್ತವಕ್ಕೂ ಹತ್ತಿರದ ಸಂಬಂಧವಿರುವುದು ಇಲ್ಲಿಯೇ.

ಆದರೆ ಇದಕ್ಕೂ ಮಿತಿಗಳಿವೆ. 1.5 ಓಮ್ ಸುರುಳಿಗೆ 20 ವ್ಯಾಟ್ ಕೊಡಬೇಕಾದರೆ ಸುಮಾರು 5.5 ವೋಲ್ಟ್ ಬೇಕು. ಒಂದೇ ಬ್ಯಾಟರಿಯಿರುವ, ಇಳಿಸಲಷ್ಟೇ ಬಲ್ಲ ಮಂಡಲ 4.2 ವೋಲ್ಟನ್ನು ಮೀರಲಾರದು. ಪರದೆಯಲ್ಲಿ 20 ಎಂದಿದ್ದರೂ ಸುರುಳಿಗೆ 12 ವ್ಯಾಟಿಗಿಂತ ಹೆಚ್ಚು ತಲುಪುವುದಿಲ್ಲ. ಇದಕ್ಕೆ ವಿರುದ್ಧವಾಗಿ 0.15 ಓಮ್ ಸುರುಳಿಗೆ 20 ವ್ಯಾಟ್ ಸಾಕೆಂದರೆ ಕೇವಲ 1.7 ವೋಲ್ಟ್ ಬೇಕು. ಏರಿಸಲಷ್ಟೇ ಬಲ್ಲ ಮಂಡಲ ಬ್ಯಾಟರಿಯ ವೋಲ್ಟೇಜಿಗಿಂತ ಕೆಳಗೆ ಇಳಿಯಲಾರದು. 3.7 ವೋಲ್ಟ್ ನೇರವಾಗಿ ಹರಿದರೆ ಆ ಸುರುಳಿಗೆ 90 ವ್ಯಾಟಿಗೂ ಹೆಚ್ಚು ಬೀಳುತ್ತದೆ. ಆದ್ದರಿಂದಲೇ ಅನೇಕ ಸಾಧನಗಳು ಇಂತಹ ಸುರುಳಿಯನ್ನು ಗುರುತಿಸಿ ಕೆಲಸ ನಿಲ್ಲಿಸುವಂತೆ ರೂಪುಗೊಂಡಿವೆ.

ಬ್ಯಾಟರಿಯ ಮೇಲಿನ ಹೊರೆಯ ಲೆಕ್ಕವೂ ಇಲ್ಲಿ ತಿರುವುಮುರುವಾಗುತ್ತದೆ. ನೇರ ಹರಿವಿನಲ್ಲಿ ಬ್ಯಾಟರಿ ಬರಿದಾದಂತೆ ಪ್ರವಾಹ ಕುಗ್ಗುತ್ತದೆ. ನಿಯಂತ್ರಿತ ಹರಿವಿನಲ್ಲಿ ವ್ಯಾಟ್ ಸ್ಥಿರವಾಗಿರಬೇಕಾದ್ದರಿಂದ, ಬ್ಯಾಟರಿ ಬರಿದಾದಂತೆ ಪ್ರವಾಹ ಹೆಚ್ಚುತ್ತದೆ. ಮಂಡಲದ ದಕ್ಷತೆ ಶೇ. 90 ಎಂದಿಟ್ಟುಕೊಂಡರೆ, ಒಂದೇ ಬ್ಯಾಟರಿಯಿಂದ 60 ವ್ಯಾಟ್ ಪಡೆಯಲು 4.2 ವೋಲ್ಟಿನಲ್ಲಿ ಸುಮಾರು 16 ಆಂಪಿಯರ್ ಸಾಕು, 3.2 ವೋಲ್ಟಿನಲ್ಲಿ ಸುಮಾರು 21 ಆಂಪಿಯರ್ ಬೇಕು. ಬ್ಯಾಟರಿ ಕಳಪೆಯಾಗಿದ್ದರೆ ಅಪಾಯ ಎದುರಾಗುವುದು ಅದು ಬರಿದಾಗುವ ಹೊತ್ತಿಗೆ.

ನಾಲ್ಕನೆಯ ಬಗೆ: ಉಷ್ಣತೆಯ ನಿಯಂತ್ರಣ

2014ರ ಸುಮಾರಿಗೆ ಮಾರುಕಟ್ಟೆಗೆ ಬಂದ ಉಷ್ಣತಾ ನಿಯಂತ್ರಣ ವ್ಯವಸ್ಥೆಯಲ್ಲಿ ವ್ಯಾಟ್ ಎಂಬುದು ಗುರಿಯಲ್ಲ, ಗರಿಷ್ಠ ಮಿತಿ ಮಾತ್ರ. ನಿಕ್ಕೆಲ್, ಟೈಟಾನಿಯಂ, ಸ್ಟೇನ್‌ಲೆಸ್ ಸ್ಟೀಲ್ ತಂತಿಗಳ ರೋಧ ಬಿಸಿಯೊಂದಿಗೆ ಏರುತ್ತದೆ. ಆ ಏರಿಕೆಯನ್ನು ಅಳೆದು ಸಾಧನ ಉಷ್ಣತೆಯನ್ನು ಊಹಿಸುತ್ತದೆ, ನಿಗದಿತ ಮಟ್ಟ ಮುಟ್ಟಿದೊಡನೆ ವ್ಯಾಟನ್ನು ತಾನೇ ತಗ್ಗಿಸುತ್ತದೆ. ನಿಕ್ಕೆಲ್ ತಂತಿಯ ರೋಧ ಪ್ರತಿ ಡಿಗ್ರಿಗೆ ಸುಮಾರು ಶೇ. 0.6ರಷ್ಟು ಏರಿದರೆ, ಸ್ಟೀಲ್ ತಂತಿಯದು ಸುಮಾರು ಶೇ. 0.1ರಷ್ಟು. ಆದ್ದರಿಂದ ಸ್ಟೀಲ್ ತಂತಿ ಹಾಕಿ ಸಾಧನವನ್ನು ನಿಕ್ಕೆಲ್‌ಗೆ ಹೊಂದಿಸಿದ್ದರೆ, ತಂತಿ 200 ಡಿಗ್ರಿ ಏರಿದರೂ ಸಾಧನ ಅದನ್ನು ಸುಮಾರು 33 ಡಿಗ್ರಿ ಏರಿಕೆ ಎಂದೇ ತಿಳಿಯುತ್ತದೆ. ರಕ್ಷಣೆಗೆಂದು ಇಟ್ಟ ವ್ಯವಸ್ಥೆ ಹೀಗೆ ನಿಷ್ಪ್ರಯೋಜಕವಾಗುತ್ತದೆ.

ಇನ್ನು ಬಳಸಿ ಎಸೆಯುವ ಸಣ್ಣ ಸಾಧನಗಳ ಮಾತು. ಇವುಗಳಲ್ಲಿ ಬಹುತೇಕವು ಕಾರ್ಖಾನೆಯಲ್ಲೇ ನಿಗದಿಯಾದ ಹರಿವನ್ನು ಹೊಂದಿರುತ್ತವೆ, ಹೊಂದಿಸಲು ಅವಕಾಶವಿರುವುದಿಲ್ಲ. ವ್ಯಾಟ್ ಕಡಿಮೆಯೆಂಬುದು ನಿಜ. ಆದರೆ ನಿಕೋಟಿನ್ ಲವಣಗಳ ಸಾಂದ್ರ ದ್ರವವನ್ನು ಬಳಸುವುದರಿಂದ, ಕಡಿಮೆ ವ್ಯಾಟಿನಲ್ಲೂ ದೇಹಕ್ಕೆ ಸೇರುವ ನಿಕೋಟಿನ್ ಕಡಿಮೆಯೇನಲ್ಲ.

ವ್ಯಾಟ್ ಒಂದೇ ಸಾಲದು

ದೋಸೆಯ ಕಾವಲಿಯನ್ನು ನೆನೆಯಿರಿ. ಉರಿ ಅಷ್ಟೇ ಇದ್ದರೂ ಹಿಟ್ಟು ಹುಯ್ದ ಕಾವಲಿಗೂ ಬರಿದಾದ ಕಾವಲಿಗೂ ಬಿಸಿಯಲ್ಲಿ ಅಜಗಜಾಂತರ. ಸುರುಳಿಯ ಸ್ಥಿತಿಯೂ ಹಾಗೆಯೇ. ಬತ್ತಿಯಲ್ಲಿ ದ್ರವ ತುಂಬಿದ್ದರೆ ಶಾಖ ಆವಿಯಾಗಿ ಹೋಗುತ್ತದೆ, ಬತ್ತಿ ಒಣಗಿದರೆ ತಂತಿಯಲ್ಲೇ ಉಳಿಯುತ್ತದೆ. ತಂತಿಯ ಮೇಲ್ಮೈ ವಿಸ್ತಾರ, ಗಾಳಿಯ ಹರಿವು, ಎಳೆಯುವ ಅವಧಿ ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ. 50 ವ್ಯಾಟಿನ ದಪ್ಪ ಸುರುಳಿಗಿಂತ 15 ವ್ಯಾಟಿನ ತೆಳು ಸುರುಳಿ ಹೆಚ್ಚು ಕಾಯುವ ಸಾಧ್ಯತೆ ಇಲ್ಲದಿಲ್ಲ.

2015ರ ಜನವರಿಯಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಒಂದು ಪತ್ರ ಪ್ರಕಟಿಸಿದರು. 3.3 ವೋಲ್ಟಿನಲ್ಲಿ ಕಾಣದಿದ್ದ ಫಾರ್ಮಾಲ್ಡಿಹೈಡ್ ಬಿಡುಗಡೆಕಾರಕ ಸಂಯುಕ್ತಗಳು 5 ವೋಲ್ಟಿನಲ್ಲಿ ಕಂಡುಬಂದವೆಂದು ಅದು ತಿಳಿಸಿತು. ಫಾರ್ಮಾಲ್ಡಿಹೈಡ್ ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆ ಎಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ವರ್ಗೀಕರಿಸಿತ್ತು. ಆ ಸಾಧನ 5 ವೋಲ್ಟಿನಲ್ಲಿ ಬಳಕೆಗೆ ಮೀರಿ ಕಾದಿರಬೇಕು, ಆ ಕಹಿಯನ್ನು ಯಾರೂ ಸಹಿಸಲಾರರು ಎಂಬ ಆಕ್ಷೇಪವೂ ಬಂತು. ಎರಡೂ ವಾದಗಳಿಂದ ಹೊರಡುವ ತಿಳಿವು ಒಂದೇ: ವೋಲ್ಟ್ ಅಥವಾ ವ್ಯಾಟ್ ಎಂಬ ಒಂಟಿ ಅಂಕಿಯಿಂದ ಅಪಾಯವನ್ನು ಅಳೆಯಲಾಗದು. ಅದೇ ವರ್ಷ ಬೈರೂತಿನ ಅಮೆರಿಕನ್ ವಿಶ್ವವಿದ್ಯಾಲಯದ ತಂಡವು ವೋಲ್ಟೇಜ್, ಎಳೆಯುವ ರೀತಿ, ದ್ರವದ ಸಾಂದ್ರತೆ ಬದಲಾದಂತೆ ಹೊರಬರುವ ನಿಕೋಟಿನ್ 50 ಪಟ್ಟಿಗೂ ಹೆಚ್ಚು ವ್ಯತ್ಯಾಸವಾಗುತ್ತದೆ ಎಂದು ತೋರಿಸಿತು.

ಕಾನೂನು ಏನನ್ನುತ್ತದೆ?

ಕರ್ನಾಟಕ ಸರ್ಕಾರ 2016ರ ಜೂನ್‌ನಲ್ಲೇ ಇ-ಸಿಗರೇಟುಗಳನ್ನು ನಿಷೇಧಿಸಿತ್ತು. ಕೇಂದ್ರ ಸರ್ಕಾರ 2019ರ ಸೆಪ್ಟೆಂಬರ್ 18ರಂದು ಸುಗ್ರೀವಾಜ್ಞೆ ಹೊರಡಿಸಿತು, ಡಿಸೆಂಬರ್‌ನಲ್ಲಿ ಅದು ಕಾಯ್ದೆಯಾಯಿತು. ಉತ್ಪಾದನೆ, ಆಮದು, ರಫ್ತು, ಸಾಗಣೆ, ಮಾರಾಟ, ವಿತರಣೆ, ಸಂಗ್ರಹ, ಜಾಹೀರಾತು ಎಲ್ಲವೂ ಇದರ ವ್ಯಾಪ್ತಿಗೆ ಬರುತ್ತವೆ. ಮಾರಾಟದಂತಹ ಅಪರಾಧಕ್ಕೆ ಮೊದಲ ಬಾರಿ ಒಂದು ವರ್ಷದವರೆಗೆ ಸೆರೆವಾಸ ಅಥವಾ 1 ಲಕ್ಷ ರೂ.ವರೆಗೆ ದಂಡ ಅಥವಾ ಎರಡೂ, ಪುನರಾವರ್ತಿಸಿದರೆ ಮೂರು ವರ್ಷದವರೆಗೆ ಸೆರೆವಾಸ ಹಾಗೂ 5 ಲಕ್ಷ ರೂ.ವರೆಗೆ ದಂಡ ವಿಧಿಸಬಹುದು. ಸಂಗ್ರಹಕ್ಕೆ ಆರು ತಿಂಗಳವರೆಗೆ ಸೆರೆವಾಸ ಅಥವಾ 50 ಸಾವಿರ ರೂ.ವರೆಗೆ ದಂಡ ಅಥವಾ ಎರಡೂ ಅನ್ವಯವಾಗುತ್ತವೆ.

ಕಳ್ಳಮಾರ್ಗದಲ್ಲಿ ಬಂದ ಸಾಧನದ ಬ್ಯಾಟರಿಗಾಗಲಿ, ಪರದೆಯ ಅಂಕಿಗಾಗಲಿ ಇಲ್ಲಿ ಹೊಣೆ ಹೊರುವವರಿಲ್ಲ. ಪರದೆಯಲ್ಲಿ ಕಾಣುವುದು ಸಾಧನ ತಾನೇ ಹೇಳಿಕೊಳ್ಳುವ ಲೆಕ್ಕ. ಅದು ಸರಾಸರಿಯೋ, ಆರ್‌ಎಂಎಸ್ ಮೌಲ್ಯವೋ, ಗರಿಷ್ಠ ಮಿತಿಯೋ, ಮಂಡಲಕ್ಕೆ ನಿಲುಕದ ಗುರಿಯೋ ಎಂಬುದನ್ನು ಹೊರಗಿನಿಂದ ನೋಡಿ ಹೇಳಲಾಗದು. 'ಕಡಿಮೆ ವ್ಯಾಟಿಗೆ ಇಟ್ಟಿದ್ದೇನೆ, ಚಿಂತೆಯಿಲ್ಲ' ಎಂಬ ಸಮಾಧಾನಕ್ಕೆ ಆಧಾರವಿಲ್ಲ ಎಂಬುದನ್ನು ಈ ಲೆಕ್ಕಾಚಾರವೇ ತಿಳಿಸುತ್ತದೆ.