ಥಾಣೆಯ ಶಿಲಾಹಾರರು: ದೊರೆ ಹೋದ ಮೇಲೂ ಉಳಿದ ಸಾಮಂತರು

ಮುಂಬೈಯಲ್ಲಿ ಕನ್ನಡದ ಕಥೆ ಅಂದ್ರೆ ನಾವು ಉಡುಪಿ ಹೋಟೆಲುಗಳಿಂದ ಶುರು ಮಾಡ್ತೀವಿ. ಇವತ್ತು ಸಾವಿರ ವರ್ಷ ಹಿಂದೆ ಹೋಗೋಣ.

ಬೊರಿವಲಿಯ ಕಾನ್ಹೇರಿ ಗುಹೆಗಳಲ್ಲಿ 9ನೇ ಶತಮಾನದ ಶಾಸನಗಳಿವೆ. ಅವುಗಳಲ್ಲಿ ಕೊಂಕಣ ಆಳುತ್ತಿದ್ದ ಶಿಲಾಹಾರ ಪುಲ್ಲಶಕ್ತಿ, ಕಪರ್ದಿ ಇವರ ಹೆಸರಿನ ಜೊತೆಗೆ ಚಕ್ರವರ್ತಿ ಅಮೋಘವರ್ಷನ ಹೆಸರೂ ಇದೆ. ಹೌದು, 'ಕವಿರಾಜಮಾರ್ಗ'ದ ಅಮೋಘವರ್ಷನೇ. ಅವನ ರಾಜಧಾನಿ ಮಾನ್ಯಖೇಟ, ಇವತ್ತಿನ ಕಲಬುರಗಿ ಜಿಲ್ಲೆಯ ಮಳಖೇಡ. ಸಮುದ್ರದಿಂದ ಬಹಳ ದೂರ. ಘಟ್ಟದ ಕೆಳಗಿನ ಬಂದರುಗಳನ್ನು ನೋಡ್ಕೊಳ್ಳೋಕೆ ಸಾಮಂತರು ಬೇಕಿತ್ತು. ಇವರ ಬಿರುದು 'ತಗರಪುರ ಪರಮೇಶ್ವರ', ಅಂದರೆ ಮೂಲ ಊರು ಧಾರಾಶಿವ ಜಿಲ್ಲೆಯ ತೇರ್ ಅಂತ ಹೇಳಿಕೊಂಡವರು. ತಾಮ್ರಪಟಗಳ ಭಾಷೆ ಸಂಸ್ಕೃತ, ಆದರೆ ಬಿರುದುಗಳ ನಡುವೆ 'ಮಲಗಳಗಂಡ' ಅಂತ ಬಂದಾಗ ನಮ್ಮ ಕಿವಿ ನೆಟ್ಟಗಾಗುತ್ತೆ. ಇದನ್ನಿಟ್ಟುಕೊಂಡು ಮುಂಬೈ ನಮ್ಮದು ಅಂತ ಕಾಮೆಂಟಲ್ಲಿ ಜಗಳಕ್ಕೆ ಇಳೀಬೇಡಿ. ಗಡಿ ಅರಸರಿಗೆ ಒಂದೇ ಭಾಷೆ ಅಂತ ಇರಲಿಲ್ಲ.

ನನಗೆ ಇಷ್ಟವಾದ ಭಾಗ ಮುಂದಿದೆ. 973ರಲ್ಲಿ ಚಾಲುಕ್ಯ ತೈಲಪ ರಾಷ್ಟ್ರಕೂಟರನ್ನು ಕೆಡವಿದ. ಮ್ಯಾನೇಜರ್ ಬದಲಾದ ದಿನವೇ ಸಾಮಂತರು ಹೊಸಬರಿಗೆ ಕೈಮುಗಿಯೋದು ವಾಡಿಕೆ. ಆದರೆ ಶಿಲಾಹಾರ ಅಪರಾಜಿತ 997ರ ತಾಮ್ರಪಟದಲ್ಲಿ (ಭಿವಂಡಿ ಹತ್ತಿರದ ಭಾದಾನ ಗ್ರಾಮದ ದಾನ) ಅಳಿದುಹೋದ ರಾಷ್ಟ್ರಕೂಟರ ವಂಶಾವಳಿಯನ್ನೇ ಬರೆಸಿದ. 24 ವರ್ಷ ಆದ ಮೇಲೆ! ಬರೀ ನಿಷ್ಠೆ ಅಂತ ನಾನು ಒಪ್ಪಲ್ಲ. ಸತ್ತ ದೊರೆ ಕಪ್ಪ ಕೇಳಲ್ಲ. ಅವನ ಹೆಸರು ಹೇಳುತ್ತಲೇ ಸ್ವತಂತ್ರವಾಗಿರಬಹುದು.

ಸೆಲ್ಜುಕರ ಅಧಿಕಾರ ಕುಸಿದಾಗ ಅನತೋಲಿಯಾದಲ್ಲೂ ಇಂಥ ಪುಟ್ಟ ಗಡಿ ಸಂಸ್ಥಾನಗಳು ತಲೆ ಎತ್ತಿದ್ವು. ಅದರಲ್ಲಿ ಉಸ್ಮಾನನದು ಸಾಮ್ರಾಜ್ಯವಾಯ್ತು. ಥಾಣೆಯವರಿಗೆ ಆ ಅದೃಷ್ಟ ಇರಲಿಲ್ಲ. 1060ರ ಅಂಬರನಾಥ ದೇವಾಲಯ ಬಿಟ್ಟುಹೋದರು, ಅಷ್ಟೇ. ಲೋಕಲ್‌ ಟ್ರೇನಲ್ಲಿ ಹೋಗಿ ನೋಡಬಹುದು.

ಸುಮಾರು 1265ರಲ್ಲಿ ದೇವಗಿರಿಯ ಯಾದವ ಮಹಾದೇವ ಆನೆಪಡೆ ಜೊತೆ ಬಂದ. ಕೊನೆಯ ಅರಸ ಸೋಮೇಶ್ವರ ನೆಲದಲ್ಲಿ ಸೋತು ಹಡಗು ಹತ್ತಿದ, ಸಮುದ್ರದಲ್ಲೇ ಮುಳುಗಿದ. ಇದನ್ನು ಬರೆದವನು ಮಹಾದೇವನ ಮಂತ್ರಿ ಹೇಮಾದ್ರಿ, ಗೆದ್ದವರ ಕಡೆಯವನು, ಅಷ್ಟು ನೆನಪಿರಲಿ.

ಬೊರಿವಲಿ ಪಶ್ಚಿಮದ ಏಕ್ಸರ್‌ನಲ್ಲಿ ವೀರಗಲ್ಲುಗಳಿವೆ. ಸಾಲುಸಾಲು ಹುಟ್ಟಿನ ಹಡಗುಗಳು, ಆನೆಗಳು, ಸತ್ತ ವೀರರು. ಕೆಲವರು ಇದೇ ಯುದ್ಧದ್ದು ಅಂತಾರೆ, ಕೆಲವರು ಇನ್ನೂ ಹಳೆಯದು ಅಂತಾರೆ. ಈ ಭಾನುವಾರ ಬಿಡುವಿದ್ದರೆ ಹೋಗಿ ಬನ್ನಿ.