ಬಲೆಯಿಲ್ಲದ ಚಿಟ್ಟೆತೋಟ: ಬೆಳುವಾಯಿಯ ನಿದರ್ಶನ ಮತ್ತು ಹಿತ್ತಿಲ ಕಾಡುಮೂಲೆಯ ಗಿಡಗಳು

ಹಿತ್ತಿಲಿನ ಒಂದು ಮೂಲೆಯನ್ನು ಕಾಡು ಬೆಳೆಯಲು ಬಿಟ್ಟರೆ ಜೀವಿಗಳಿಗೆ ಅನುಕೂಲ ಎಂಬ ಮಾತು ಈಗ ಸಾಕಷ್ಟು ಕೇಳಿಬರುತ್ತಿದೆ. ಯಾವ ಜೀವಿಗೆ, ಯಾವ ಗಿಡದಿಂದ, ವರ್ಷದ ಯಾವ ತಿಂಗಳಲ್ಲಿ ಎಂದು ಕೇಳಿದರೆ ಮಾತ್ರ ಉತ್ತರ ತೆಳುವಾಗಿಬಿಡುತ್ತದೆ. ದಕ್ಷಿಣ ಕನ್ನಡದ ಮಟ್ಟಿಗೆ ಈ ಪ್ರಶ್ನೆಗಳನ್ನು ನೆಲದ ಮೇಲೆ ಇಟ್ಟು ನೋಡಲು ಒಂದು ಒಳ್ಳೆಯ ಜಾಗವಿದೆ. ಮೂಡುಬಿದಿರೆಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ ಸಿಗುವ ಬೆಳುವಾಯಿಯಲ್ಲಿ ಸಮ್ಮಿಲನ್ ಶೆಟ್ಟಿಯವರು 7.35 ಎಕರೆ ಖಾಸಗಿ ಜಮೀನಿನಲ್ಲಿ ಬೆಳೆಸಿದ ಚಿಟ್ಟೆ ಉದ್ಯಾನ ಅದು. 2013ರಲ್ಲಿ ಸಾರ್ವಜನಿಕರಿಗೆ ತೆರೆದ ಈ ತೋಟದಲ್ಲಿ ನೂರಕ್ಕೂ ಹೆಚ್ಚು ಪ್ರಭೇದದ ಚಿಟ್ಟೆಗಳು ದಾಖಲಾಗಿವೆ. ಇಡೀ ಪಶ್ಚಿಮ ಘಟ್ಟದ ಚಿಟ್ಟೆ ಪ್ರಭೇದಗಳು ಸುಮಾರು 330. ಆ ಲೆಕ್ಕದ ಪಕ್ಕದಲ್ಲಿಟ್ಟು ನೋಡಿದರೆ ಏಳು ಎಕರೆಯ ಈ ಸಂಖ್ಯೆ ದೊಡ್ಡದು.

ಸಂಖ್ಯೆಗಿಂತ ಮುಖ್ಯವಾದದ್ದು ಅದು ಬಂದ ಬಗೆ. ಬೆಂಗಳೂರಿನ ಬನ್ನೇರುಘಟ್ಟದಲ್ಲಿ 2006ರಲ್ಲಿ ಆರಂಭವಾದ ಚಿಟ್ಟೆ ಉದ್ಯಾನದ ಕೇಂದ್ರದಲ್ಲಿ ಗುಮ್ಮಟದಂಥ ಮುಚ್ಚಿದ ಆವರಣವಿದೆ. ನೋಡಲು ಬಂದವರಿಗೆ ಚಿಟ್ಟೆ ಖಂಡಿತ ಕಾಣಬೇಕು, ಶಾಲೆಯ ಮಕ್ಕಳಿಗೆ ತಿಳಿವಳಿಕೆ ಸಿಗಬೇಕು ಎಂಬ ಉದ್ದೇಶಕ್ಕೆ ಅದು ತಕ್ಕದ್ದೇ. ಬೆಳುವಾಯಿಯಲ್ಲಿ ಬಲೆಯೂ ಇಲ್ಲ, ಗುಮ್ಮಟವೂ ಇಲ್ಲ. ಘಟ್ಟದ ಬುಡದ ಕಾಡಿನಿಂದ ಚಿಟ್ಟೆ ತಾನಾಗಿ ಬರಬೇಕು, ಮೊಟ್ಟೆ ಇಡಲು ತಕ್ಕ ಎಲೆ ಸಿಕ್ಕಿದರೆ ನಿಲ್ಲಬೇಕು, ಇಲ್ಲದಿದ್ದರೆ ಹಾರಿಹೋಗಬೇಕು. ಹೀಗೆ ತೆರೆದಿಟ್ಟ ತೋಟದಲ್ಲಿ ಕಂಡ ಒಂದೊಂದು ಪ್ರಭೇದವೂ ಅಲ್ಲಿನ ಗಿಡಗಳ ಬಗ್ಗೆ ಒಂದು ಸಾಕ್ಷ್ಯ. ಮುಚ್ಚಿದ ಆವರಣ ಅಂಥ ಸಾಕ್ಷ್ಯ ಕೊಡಲಾರದು.

ಚಿಟ್ಟೆಗಾಗಿ ತೋಟ ಮಾಡುವವರು ಸಾಮಾನ್ಯವಾಗಿ ಹೂವಿನಿಂದ ಶುರುಮಾಡುತ್ತಾರೆ. ಕೇಪಳ, ದಾಸವಾಳ, ನರ್ಸರಿಯಿಂದ ತಂದ ಬಣ್ಣಬಣ್ಣದ ಲಂಟಾನ. ಹೂವಿನ ಮಕರಂದ ಬೇಕಾದದ್ದು ಹಾರುವ ಚಿಟ್ಟೆಗೆ, ಅದೂ ಕೆಲವು ದಿನ ಅಥವಾ ಕೆಲವು ವಾರ. ಒಂದೇ ಚಿಟ್ಟೆ ಹತ್ತು ಬಗೆಯ ಹೂವಿನಿಂದ ಹೀರೀತು. ಅದರ ಮರಿಹುಳ ಹಾಗಲ್ಲ. ಒಂದು ಸಸ್ಯಕುಟುಂಬದ, ಕೆಲವು ಸಲ ಒಂದೆರಡು ಗಿಡಗಳ ಎಲೆಯನ್ನು ಬಿಟ್ಟು ಬೇರೇನನ್ನೂ ಸಾಮಾನ್ಯವಾಗಿ ತಿನ್ನುವುದಿಲ್ಲ, ಅದು ಸಿಗದಿದ್ದರೆ ಸಾಯುತ್ತದೆ. ಆದ್ದರಿಂದ ಒಂದು ಊರಿನಲ್ಲಿ ಯಾವ ಚಿಟ್ಟೆ ಉಳಿಯಬೇಕೆಂಬುದನ್ನು ಗೊತ್ತುಮಾಡುವುದು ಎಲೆ. ನಮ್ಮ ತೋಟಗಳಲ್ಲಿ ಆ ಎಲೆಗಳ ಹೆಚ್ಚಿನ ಪಾಲು ಕಳೆಯ ಲೆಕ್ಕದಲ್ಲಿ ಕತ್ತಿಗೆ ಹೋಗುತ್ತಿದೆ ಎಂಬುದೇ ಈ ಟಿಪ್ಪಣಿಯ ಮುಖ್ಯ ಮಾತು.

ಈಶ್ವರಬಳ್ಳಿಯನ್ನೇ ತೆಗೆದುಕೊಳ್ಳೋಣ. ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಪಶ್ಚಿಮ ಘಟ್ಟ ಪ್ರದೇಶಕ್ಕೇ ಸೀಮಿತವಾದದ್ದು. ರೆಕ್ಕೆ ಬಿಚ್ಚಿದಾಗ 14ರಿಂದ 19 ಸೆಂಟಿಮೀಟರ್ ಅಗಲ, ಹೊಳೆಯುವ ಹಳದಿ ಮತ್ತು ಕಪ್ಪು. ಅದರ ಹುಳ ತಿನ್ನುವುದು ಈಶ್ವರಬಳ್ಳಿ ಮತ್ತು ಅದೇ ಕುಟುಂಬದ ಇನ್ನು ಕೆಲವೇ ಸಸ್ಯಗಳನ್ನು. ಈ ಬಳ್ಳಿಯಲ್ಲಿ ಅರಿಸ್ಟೊಲೋಕಿಕ್ ಆಮ್ಲವೆಂಬ ವಿಷವಿದೆ. ಹಾವಿನ ವಿಷಕ್ಕೆ ಮದ್ದೆಂದು ಇದರ ಬೇರನ್ನು ಅರೆದು ಕೊಡುವ ರೂಢಿ ಹಳೆಯದು. ಆದರೆ ಆ ಆಮ್ಲ ಮನುಷ್ಯನ ಮೂತ್ರಪಿಂಡವನ್ನು ಕೆಡಿಸುತ್ತದೆ, ಕ್ಯಾನ್ಸರ್‌ಕಾರಕವೂ ಹೌದು. ಹಾವು ಕಚ್ಚಿದವರನ್ನು ಆಸ್ಪತ್ರೆಗೇ ಒಯ್ಯಬೇಕು. ಮನುಷ್ಯನಿಗೆ ಕೇಡಾದ ಅದೇ ವಿಷವನ್ನು ಹುಳ ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಚಿಟ್ಟೆಯಾದ ಮೇಲೂ ಅದು ಮೈಯಲ್ಲಿ ಉಳಿಯುವುದರಿಂದ ಒಮ್ಮೆ ರುಚಿ ನೋಡಿದ ಹಕ್ಕಿ ಮತ್ತೆ ಮುಟ್ಟುವುದಿಲ್ಲ.

ಇದೇ ಬಳ್ಳಿಯ ಎಲೆ ತಿಂದು ಬೆಳೆಯುವ ಇನ್ನೆರಡು ಚಿಟ್ಟೆಗಳು ಕಾಮನ್ ರೋಸ್ ಮತ್ತು ಕ್ರಿಮ್ಸನ್ ರೋಸ್. ಇವುಗಳ ಮೂಲಕ ಈಶ್ವರಬಳ್ಳಿಯ ಪ್ರಭಾವ ಅಡುಗೆಮನೆಯ ಹಿಂದಿನ ಕರಿಬೇವಿನ ಗಿಡದವರೆಗೆ ಬರುತ್ತದೆ. ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕುಳಿತಿರುವ ಹುಳವನ್ನು ನೋಡದ ಗೃಹಿಣಿಯಿಲ್ಲ. ಕಾಮನ್ ಮಾರ್ಮನ್ ಚಿಟ್ಟೆಯ ಮರಿ ಅದು. ಮಾರ್ಮನ್ ಮೈಯಲ್ಲಿ ರೋಸ್ ಚಿಟ್ಟೆಗಳ ವಿಷವಿಲ್ಲ. ಆದರೆ ಅದರ ಹೆಣ್ಣುಗಳಲ್ಲಿ ಮೂರು ರೂಪಗಳಿವೆ: ಒಂದು ಗಂಡಿನಂತೆಯೇ, ಒಂದು ಕಾಮನ್ ರೋಸ್‌ನಂತೆ, ಇನ್ನೊಂದು ಕ್ರಿಮ್ಸನ್ ರೋಸ್‌ನಂತೆ. ಈ ಜಾತಿಯ ಹೆಣ್ಣುಗಳ ಬಹುರೂಪವನ್ನು ನಿಸರ್ಗವಿಜ್ಞಾನಿ ಆಲ್ಫ್ರೆಡ್ ರಸೆಲ್ ವಾಲೇಸ್ 1865ರಲ್ಲೇ ಚರ್ಚಿಸಿದ್ದ. ಕೃಷ್ಣಮೇಘ ಕುಂಟೆ ಮತ್ತು ಸಂಗಡಿಗರು 2014ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಸಂಶೋಧನೆ, ಈ ವೇಷಾಂತರವನ್ನು ನಿಯಂತ್ರಿಸುವುದು ಡಬಲ್‌ಸೆಕ್ಸ್ ಎಂಬ ಒಂದೇ ವಂಶವಾಹಿ ಎಂದು ತೋರಿಸಿತು. ಈ ವೇಷದಿಂದ ಪ್ರಯೋಜನವಾಗಬೇಕಾದರೆ ಅಸಲು ರೋಸ್ ಚಿಟ್ಟೆಗಳು ಆಸುಪಾಸಿನಲ್ಲಿದ್ದು, ಹಕ್ಕಿಗಳಿಗೆ ಅವುಗಳ ಕಹಿ ಗೊತ್ತಿರಬೇಕು. ಬೇಲಿಯ ಈಶ್ವರಬಳ್ಳಿಯನ್ನು ಕಡಿದವರು ಕರಿಬೇವಿನ ಮೇಲೆ ಬೆಳೆದ ಹೆಣ್ಣು ಚಿಟ್ಟೆಯ ರಕ್ಷಣೆಯನ್ನೂ ಅಷ್ಟರಮಟ್ಟಿಗೆ ಕಡಿಮೆ ಮಾಡಿದಂತೆ. ಎರಡು ಗಿಡಗಳ ನಡುವೆ ಕಣ್ಣಿಗೆ ಕಾಣದ ಇಂಥ ನಂಟು ಇರುವುದರಿಂದಲೇ, ಒಂದು ಗಿಡ ನೆಟ್ಟು ಒಂದು ಚಿಟ್ಟೆ ಪಡೆಯುವ ಲೆಕ್ಕಾಚಾರ ಸಾಲದು ಎನ್ನುತ್ತೇನೆ.

ಈಶ್ವರಬಳ್ಳಿ ನೆಡುವವರು ಎರಡು ವಿಷಯ ಗಮನಿಸಬೇಕು. ಬರ್ಡ್‌ವಿಂಗ್ ಹುಳಕ್ಕೆ ಹಸಿವು ಬಹಳ. ಎಲೆ ಮುಗಿಸಿ ಎಳೆ ಕಾಂಡವನ್ನೂ ಕಡಿಯುತ್ತದೆ, ಒಂಟಿ ಬಳ್ಳಿ ಎರಡು ಮೂರು ಹುಳಗಳಿಗೆ ತಾಳುವುದಿಲ್ಲ. ನಾಲ್ಕಾರು ಬಳ್ಳಿಗಳನ್ನು ದೂರದೂರ ನೆಡುವುದು ಲೇಸು. ಎರಡನೆಯದು, ಅಲಂಕಾರಕ್ಕೆಂದು ಮಾರುವ, ದೊಡ್ಡ ಹೂ ಬಿಡುವ, ಈಶ್ವರಬಳ್ಳಿಯ ಕುಲದ್ದೇ ಆದ ವಿದೇಶಿ ಅರಿಸ್ಟೊಲೋಕಿಯಾ ಬಳ್ಳಿಗಳನ್ನು ತರಬಾರದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ರಿಚ್ಮಂಡ್ ಬರ್ಡ್‌ವಿಂಗ್ ಎಂಬ ಚಿಟ್ಟೆಗೆ ಆದದ್ದು ಇದೇ: ತೋಟಗಳಲ್ಲಿದ್ದ ದಕ್ಷಿಣ ಅಮೆರಿಕದ ಬಳ್ಳಿಯ ವಾಸನೆಗೆ ಹೆಣ್ಣು ಮರುಳಾಗಿ ಮೊಟ್ಟೆಯಿಟ್ಟಿತು, ಎಲೆ ತಿಂದ ಮರಿಗಳು ಸತ್ತವು. 1990ರ ದಶಕದಲ್ಲಿ ವಿಜ್ಞಾನಿಗಳು ಶಾಲೆಗಳನ್ನೂ ಮನೆಮನೆಯ ತೋಟಗಳನ್ನೂ ಸೇರಿಸಿಕೊಂಡು ಅಲ್ಲಿನ ಸ್ಥಳೀಯ ಬಳ್ಳಿಯನ್ನೇ ನೆಡಿಸತೊಡಗಿದರು.

ಬಂದಣಿಕೆಯ ವಿಷಯ ಸ್ವಲ್ಪ ಸೂಕ್ಷ್ಮ. ಮಾವಿನ ಮರದ ಮೇಲೆ ಪರಾವಲಂಬಿಯಾಗಿ ಬೆಳೆಯುವ ಇದನ್ನು ಕೃಷಿಕರು ಕೊಂಬೆಸಹಿತ ಕಡಿಯುತ್ತಾರೆ. ಫಸಲಿನ ಮರವಾದರೆ ಕಡಿಯುವುದು ನ್ಯಾಯವೇ. ಆದರೆ ಕಾಮನ್ ಜೆಜೆಬೆಲ್ ಚಿಟ್ಟೆ ಮೊಟ್ಟೆಗಳನ್ನು ಗುಂಪಾಗಿ ಇಡುವುದು ಬಂದಣಿಕೆಯ ಎಲೆಯ ಮೇಲೆ. ಅದರ ಹಣ್ಣನ್ನು ಬದನಿಕೆ ಹಕ್ಕಿ ತಿಂದು ಬೀಜ ಹರಡುತ್ತದೆ. ಗುಡ್ಡೆಯ ಅಂಚಿನ ಕಾಟುಮಾವಿನ ಮರದಲ್ಲಿರುವ ಬಂದಣಿಕೆಯನ್ನು ಇದ್ದಲ್ಲಿಗೇ ಬಿಟ್ಟರೆ ಯಾರಿಗೂ ನಷ್ಟವಿಲ್ಲ. ಅದೇ ಮಾವಿನ ಕೆಳಗೆ ನಿಂತು ಕೈಗೆಟಕುವ ಎಲೆಗಳನ್ನು ಒಂದೊಂದಾಗಿ ತಿರುವಿ ನೋಡಿ. ಎಲೆಯ ನಡುನರದ ಮೇಲೆ ಉದ್ದಕ್ಕೆ ಮಲಗಿದ ಒಂದು ಹಸಿರು ಹುಳ ಸಿಗಬಹುದು. ಅದರ ಬೆನ್ನಿನ ಹಳದಿ ಗೆರೆ ಎಲೆಯ ನಡುನರದ ಮೇಲೆ ಸರಿಯಾಗಿ ಕೂತಿರುತ್ತದೆ. ಎರಡೂ ಬದಿಗೆ ಹಕ್ಕಿಯ ಗರಿಯಂತೆ ಕವಲೊಡೆದ ಮುಳ್ಳುಗಳು ಎಲೆಗೆ ಒತ್ತಿ ಹರಡಿ, ಮೈಯ ನೆರಳೂ ಬೀಳದಂತೆ ಮಾಡಿರುತ್ತವೆ. ಅದು ಕಾಮನ್ ಬ್ಯಾರನ್. ಗೇರುಮರದ ಎಲೆಯೂ ಅದಕ್ಕೆ ಆಗುತ್ತದೆ. ಕಣ್ಣೆದುರಿಗೇ ಇದ್ದು ಕಾಣದೆ ಉಳಿಯುವ ಈ ಹುಳವನ್ನು ಮಕ್ಕಳಿಗೆ ಒಮ್ಮೆ ತೋರಿಸಿದರೆ ಸಾಕು, ಆಮೇಲೆ ಅವರೇ ಹುಡುಕುತ್ತಾರೆ.

ತೆಂಗು, ಅಡಿಕೆಯ ಗರಿ ಕಾಮನ್ ಪಾಮ್‌ಫ್ಲೈ ಚಿಟ್ಟೆಯ ಮರಿಗೆ ಆಹಾರ. ಅಮೃತಬಳ್ಳಿಯಲ್ಲಿ ಕ್ಲಿಪ್ಪರ್ ಬೆಳೆಯುತ್ತದೆ. ಎಕ್ಕದಲ್ಲಿ ಪ್ಲೇನ್ ಟೈಗರ್, ಕಕ್ಕೆ ಮರದಲ್ಲಿ ಕಾಮನ್ ಎಮಿಗ್ರಂಟ್, ಜುಮ್ಮನಕಾಯಿ ಮರದಲ್ಲಿ ಮಲಬಾರ್ ಬ್ಯಾಂಡೆಡ್ ಪೀಕಾಕ್. ಕೊನೆಯದು ಕೇರಳದ ರಾಜ್ಯ ಚಿಟ್ಟೆ. ಬಂಗುಡೆ ಸಾರಿಗೆ ಹಾಕುವ ಆ ಕಾಯಿಯ ಮರ ಮುಳ್ಳಿನದೆಂದು ಮನೆಯ ಹತ್ತಿರ ಬಿಡುವವರು ಕಡಿಮೆ.

ಕಾಲದ ಪ್ರಶ್ನೆ ಇವೆಲ್ಲಕ್ಕಿಂತ ಗಂಭೀರ ಎಂದು ನನ್ನ ಅಭಿಪ್ರಾಯ. ತಗತೆಯನ್ನು, ಅಂದರೆ ತುಳುವರ ತಜಂಕನ್ನು, ನೋಡಿ. ಮೊದಲ ಮಳೆಗೆ ಮೊಳೆತು ಆಟಿ ತಿಂಗಳಲ್ಲಿ ಎಳೆಸೊಪ್ಪು ಕೊಡುತ್ತದೆ. ನಾವು ಅಂಬಡೆ ಮಾಡಿ ತಿನ್ನುತ್ತೇವೆ. ಅದೇ ಹೊತ್ತಿಗೆ ಗ್ರಾಸ್ ಯೆಲ್ಲೋ ಚಿಟ್ಟೆ ಅದರ ಎಲೆಗೆ ಬಿಡಿಬಿಡಿಯಾಗಿ ಮೊಟ್ಟೆ ಅಂಟಿಸುತ್ತಿರುತ್ತದೆ. ಆಟಿ ಕಳೆದು ಮಳೆ ಬಿಡುವು ಕೊಟ್ಟ ಕೂಡಲೆ ತೋಟಕ್ಕೆ ವೀಡ್ ಕಟ್ಟರ್ ಇಳಿಯುತ್ತದೆ, ಇಲ್ಲವೆ ಕಳೆನಾಶಕದ ಸ್ಪ್ರೇ. ಅಡಿಕೆ ಒಣಗಿಸಲು ಅಂಗಳ ಕೆತ್ತುವಾಗ ಸುತ್ತಲಿನ ಗಿಡಗಂಟಿಯೂ ಹೋಗುತ್ತದೆ. ಮಳೆ ಇಳಿದ ಮೇಲಿನ ಈ ತಿಂಗಳುಗಳೇ ಕರಾವಳಿಯಲ್ಲಿ ಚಿಟ್ಟೆಗಳು ಹೆಚ್ಚಿ ಹಾರಾಡುವ ಕಾಲ. ಹುಳು, ಕೋಶ, ಮೊಟ್ಟೆಗಳು ತುಂಬಿದ ಸೊಪ್ಪು ಒಂದೇ ದಿನದಲ್ಲಿ ನೆಲ ಸೇರುತ್ತದೆ. ಹಿಂದೆ ಹಟ್ಟಿಗೆ ಸೊಪ್ಪು ತರುವವರು ಇವತ್ತು ಒಂದು ಕಡೆ, ನಾಳೆ ಇನ್ನೊಂದು ಕಡೆ ಕತ್ತಿಯಾಡಿಸುತ್ತಿದ್ದರು, ಉಳಿದಲ್ಲಿ ಹುಳ ಬೆಳೆದು ಚಿಟ್ಟೆಯಾಗಲು ಸಮಯ ಸಿಗುತ್ತಿತ್ತು. ಯಂತ್ರವನ್ನು ಬೇಡವೆನ್ನಲಾಗದು, ಕೂಲಿಯವರು ಸಿಗದ ಕಷ್ಟ ತೋಟದವರಿಗೇ ಗೊತ್ತು. ಆದರೆ ತೋಟವನ್ನು ಮೂರು ಪಾಲು ಮಾಡಿ ಒಂದೊಂದು ಪಾಲಿಗೆ ನಾಲ್ಕೈದು ವಾರ ಅಂತರ ಕೊಟ್ಟು ಕತ್ತರಿಸಿದರೆ ಖರ್ಚೇನೂ ಹೆಚ್ಚುವುದಿಲ್ಲ. ಮೊಟ್ಟೆಯಿಂದ ಚಿಟ್ಟೆಯಾಗಲು ಬಹುಪಾಲು ಸಣ್ಣ ಪ್ರಭೇದಗಳಿಗೆ ಅಷ್ಟು ಅವಧಿ ಸಾಕು.

ಹಾಗೆಂದು ಸುಮ್ಮನೆ ಬಿಟ್ಟರೆ ಕಾಡಾಗುತ್ತದೆಯೇ? ಈ ಸೀಮೆಯಲ್ಲಿ ಆಗುವುದಿಲ್ಲ. ಬಿಟ್ಟ ಜಾಗಕ್ಕೆ ಮೊದಲು ನುಗ್ಗುವುದು ಅಮೆರಿಕ ಖಂಡದಿಂದ ಬಂದ ಕಮ್ಯುನಿಸ್ಟ್ ಗಿಡ, ಲಂಟಾನ, ಮೈಕೇನಿಯಾ ಬಳ್ಳಿ. ಮೂರೂ ಸೇರಿ ಈಶ್ವರಬಳ್ಳಿಯ ಸಸಿಗೆ ಬೆಳಕೇ ಬೀಳದಂತೆ ಮಾಡುತ್ತವೆ. ಕಮ್ಯುನಿಸ್ಟ್ ಗಿಡದ ಹೂವಿಗೆ ಟೈಗರ್ ಮತ್ತು ಕ್ರೋ ಚಿಟ್ಟೆಗಳು ಮುತ್ತುವುದು ನಿಜ. ಗಂಡುಗಳಿಗೆ ಬೇಕಾದ ಒಂದು ಬಗೆಯ ಕ್ಷಾರಾಭಗಳು ಅದರಲ್ಲಿವೆ. ಅದೇ ಕ್ಷಾರಾಭಗಳು ನಮ್ಮ ಗಿಲಿಗಿಚ್ಚಿಯಲ್ಲೂ ಚೇಳುಬಾಲದ ಗಿಡದಲ್ಲೂ ಸಿಗುತ್ತವೆ. ಹೂವಿನ ಮೇಲೆ ಚಿಟ್ಟೆ ಕಂಡಿತೆಂದು ಆ ಗಿಡವನ್ನು ಉಳಿಸಿಕೊಳ್ಳುವುದು ತಪ್ಪು ಲೆಕ್ಕ. ಕಾಡುಮೂಲೆಯ ಮೊದಲ ಎರಡು ಮೂರು ಮಳೆಗಾಲ ಈ ಗಿಡಗಳನ್ನು ಹೂ ಬಿಡುವ ಮುನ್ನ ಬೇರುಸಹಿತ ಕೀಳುವ ಕೆಲಸವಿದೆ. ಸ್ಥಳೀಯ ಗಿಡ, ಬಳ್ಳಿಗಳ ನೆರಳು ಕವಿದ ಮೇಲೆ ಅದು ಹಗುರಾಗುತ್ತದೆ.

ತುಳುನಾಡಿಗೆ ಈ ಕಲ್ಪನೆ ಹೊಸದಲ್ಲ. ಮನೆತನದ ತೋಟದ ಅಂಚಿನಲ್ಲಿ ಕತ್ತಿ ಮುಟ್ಟಿಸದೆ ಬಿಟ್ಟ ನಾಗಬನ ಇಲ್ಲಿ ತಲೆಮಾರುಗಳಿಂದ ಇದೆ. ಮಾಧವ ಗಾಡ್ಗೀಳ್ ಮತ್ತು ವಿ. ಡಿ. ವರ್ತಕ್ 1976ರಲ್ಲಿ ಪಶ್ಚಿಮ ಘಟ್ಟದ ದೇವರಕಾಡುಗಳ ಬಗ್ಗೆ ಬರೆದ ಲೇಖನದಿಂದ ಈಚೆಗೆ ಇಂಥ ತುಣುಕು ಕಾಡುಗಳ ಬೆಲೆ ವಿದ್ವಾಂಸರಿಗೆ ಗೊತ್ತಿದೆ. ಬನದ ವಿಶೇಷ ಅದರ ಮರಗಳಿಗಿಂತ ಬಳ್ಳಿಗಳಲ್ಲಿದೆ. ತೋಟಕ್ಕೆ ತಾಗಿದ ಕುಮ್ಕಿ ಗುಡ್ಡೆಯಲ್ಲಿ ಸೊಪ್ಪು, ಕಟ್ಟಿಗೆ ತೆಗೆಯುವಾಗ ಮೊದಲು ಹೋಗುವುದು ಬಳ್ಳಿ. ಬನದಲ್ಲಿ ಅದು ರೆಂಜ, ಹಾಲೆ ಮರಗಳಿಗೆ ಹಬ್ಬಿ ದಪ್ಪ ಕಾಂಡವಾಗುವಷ್ಟು ಕಾಲ ಬದುಕುತ್ತದೆ. ಹೀಗಿರುವಾಗ ಎಷ್ಟೋ ಬನಗಳ ಮರ ಕಡಿದು, ಸುತ್ತ ಕಾಂಕ್ರೀಟ್ ಹಾಕಿ, ಗ್ರಾನೈಟಿನ ಕಟ್ಟೆ ಕಟ್ಟುತ್ತಿರುವುದು ಮನಸ್ಸಿಗೆ ನೋವು ತರುತ್ತದೆ. ಭಕ್ತಿಯಿಂದಲೇ ಮಾಡುತ್ತಾರೆ, ನಿಜ. ಆದರೆ ನಾಗನಿಗೆ ಮೀಸಲಿಟ್ಟದ್ದು ತಂಪಾದ ನೆಲ, ತರಗೆಲೆ, ಹುತ್ತ. ಜೀರ್ಣೋದ್ಧಾರದ ಹೊತ್ತಿನಲ್ಲಿ ಕಟ್ಟೆಯನ್ನು ನಾಗನ ಕಲ್ಲಿನ ಸುತ್ತಳತೆಗಷ್ಟೇ ಸೀಮಿತಗೊಳಿಸಿ ಬನವನ್ನು ಬನವಾಗಿಯೇ ಉಳಿಸಲು ಕುಟುಂಬದ ಹಿರಿಯರು ಒತ್ತಾಯಿಸಬೇಕು.

ಹಾವಿನ ಹೆದರಿಕೆಯನ್ನು ಹಗುರವಾಗಿ ನೋಡುವಂತಿಲ್ಲ. ಪೊದೆ ಬೆಳೆದರೆ ಇಲಿ, ಇಲಿಯ ಹಿಂದೆ ಹಾವು ಬರುತ್ತದೆ. ಹಿರಿಯರು ಬನವನ್ನು ಮನೆಯಂಗಳಕ್ಕೆ ತಾಗಿಸದೆ ತೋಟದ ಅಂಚಿಗೆ ಇಟ್ಟದ್ದರಲ್ಲಿ ವಿವೇಕವಿದೆ. ಹಟ್ಟಿ, ಬಾವಿ, ನಡೆಯುವ ದಾರಿಗಳ ಸುತ್ತ ನೆಲ ಚೊಕ್ಕಟವಾಗಿರಲಿ. ಅಗಳಿನ ಏರಿ, ತೋಡಿನ ಬದಿ, ಗುಡ್ಡೆಗೆ ತಾಗಿದ ಮೂಲೆ ಕಾಡಿಗಿರಲಿ. ತೋಡಿನ ಬದಿಯಲ್ಲಿ ಒದ್ದೆ ಮರಳಿದ್ದರೆ ಬ್ಲೂಬಾಟಲ್‌ನಂಥ ಚಿಟ್ಟೆಗಳ ಗಂಡುಗಳು ಗುಂಪಾಗಿ ಇಳಿದು ಲವಣ ಹೀರುತ್ತವೆ. ಹೂವಿನ ಮಕರಂದದಲ್ಲಿ ಸೋಡಿಯಂ ಅತ್ಯಲ್ಪ.

ಬೆಳುವಾಯಿಯಲ್ಲಿ ಚಿಟ್ಟೆಗಳ ಪಟ್ಟಿ ಬೆಳೆಯುತ್ತಿದೆ. ದೀಪಕ್ ನಾಯ್ಕ್ ಮತ್ತು ಎಂ. ಎಸ್. ಮುಸ್ತಾಕ್ ಅವರು 2016ರಲ್ಲಿ ಪ್ರಕಟಿಸಿದ ದಕ್ಷಿಣ ಕನ್ನಡ ಜಿಲ್ಲೆಯ ಚಿಟ್ಟೆಗಳ ಪಟ್ಟಿಯೂ ನಮ್ಮ ಕೈಯಲ್ಲಿದೆ. ಇನ್ನು ಆಗಬೇಕಾದದ್ದು ಎಲೆಗಳ ಪಟ್ಟಿ: ಮೂಡುಬಿದಿರೆ, ಬೆಳ್ತಂಗಡಿ, ಬಂಟ್ವಾಳದ ಒಂದೊಂದು ಬನದಲ್ಲಿ ಯಾವ ಬಳ್ಳಿ ಉಳಿದಿದೆ, ಅದರಲ್ಲಿ ಯಾವ ಹುಳ ಕಂಡಿದೆ ಎಂಬ ದಾಖಲೆ. ಕಾಲೇಜಿನ ಸಸ್ಯಶಾಸ್ತ್ರ ವಿದ್ಯಾರ್ಥಿಗಳು ತಮ್ಮ ಊರಿನ ಬನದಿಂದಲೇ ಇದನ್ನು ಆರಂಭಿಸಬಹುದು. ಮನೆಯವರ ಅನುಮತಿ ಪಡೆದು, ಕಾಯಿ ಬಲಿತ ಮೇಲೆ ಈಶ್ವರಬಳ್ಳಿಯ ಬೀಜವನ್ನೂ ಅಲ್ಲಿಂದಲೇ ತರಬಹುದು. ಕಾಯಿ ಬುಡದ ಕಡೆಯಿಂದ ಆರಾಗಿ ಸೀಳಿ ತಲೆಕೆಳಗಾಗಿ ತೂಗುತ್ತದೆ, ಬೀಜಕ್ಕೆ ತೆಳುವಾದ ರೆಕ್ಕೆಯಿದೆ, ಗಾಳಿಗೆ ಹಾರುವ ಮೊದಲೇ ಹಿಡಿಯಬೇಕು. ಬೇರು ಕೀಳುವುದು ಬೇಡ. ಬುಡಕ್ಕೆ ನೆರಳು, ತುದಿಗೆ ಬಿಸಿಲು ಸಿಗುವಂತೆ ಬೇಲಿಯ ಮರದ ಪಕ್ಕದಲ್ಲಿ, ಮಳೆ ಹಿಡಿಯುವ ಹೊತ್ತಿಗೆ ಸಸಿಯನ್ನು ನೆಟ್ಟರೆ ಬಳ್ಳಿ ಹಬ್ಬುತ್ತದೆ.